ಸ್ವೆಟರ್ ತೊಟ್ಟ ಕ್ಲಾರಿನೆಟ್

ಚಳಿಗಾಲದಲ್ಲಿ ನನ್ನ ಕಾಕಾನ ಸ್ವೆಟರನ್ನು ಅವನ ಕ್ಲಾರಿನೆಟ್ ತೊಟ್ಟುಕೊಳ್ಳುತ್ತಿತ್ತು, ಕಾಕಾ ನಡುಗುತ್ತಿದ್ದ! ಮಲಾಡಿನಲ್ಲಿ ಎಂಥ ಚಳಿ ಎಂದು ನಗಬೇಡಿ. ಕೊಳವೆಯೊಳಗಿನ ಗಾಳಿ ತಣ್ಣಗಾದರೆ ಸ್ವರ ಇಳಿಯುತ್ತದೆ, ಬಿಸಿಯಾದರೆ ಏರುತ್ತದೆ ಎಂಬುದು ಅವನ ಶಾಸ್ತ್ರ. ಲೋಕಲ್ ರೈಲಿನಲ್ಲಿ ನೂಕುನುಗ್ಗಲಿದ್ದರೆ ಅವನಿಗೆ ಖುಷಿಯೋ ಖುಷಿ. "ಮಂದಿ ಕಾವಿಗೆ ಸುರ ಭೇಷ್ ಕೂಡ್ತದ!" ಎನ್ನುತ್ತಿದ್ದ.

ಅದು ಐವತ್ತರ ದಶಕ. ಕೆಲಸ ಹುಡುಕಿ ಧಾರವಾಡದಿಂದ ಬಂದ ನಾನು ಚಾಳಿನಲ್ಲಿದ್ದ ಕಾಕಾನ ಒಂಟಿ ಕೋಣೆಯಲ್ಲೇ ಇದ್ದೆ. ಅವನು ಹಗಲು ಗುಮಾಸ್ತ, ಸಂಜೆ ಮದುವೆ ಬ್ಯಾಂಡಿನವ. ವಾದ್ಯ ಬಿಚ್ಚಿಟ್ಟು ಪಾಠ ಶುರುಮಾಡಿದರೆ ನನ್ನ ಚಹಾ ಆರಿಹೋಗುತ್ತಿತ್ತು.

"ಬೆನ್ನಿನ ಮ್ಯಾಲಿನ ಈ ಸಣ್ಣ ತೂತು ನೋಡು. ಇದರ ಕೀಲಿ ಒತ್ತಿದ್ರ ಸುರ ಮ್ಯಾಲ ಜಿಗೀತದ. ಮತ್ತ ಇದೇ ತೂತು ತಾನೂ ಒಂದು ಸುರ ನುಡೀಬೇಕು. ಎರಡು ಕೆಲಸ! ಅದಕ್ಕ ಆ ಸುರ ಮೂಗಿನ್ಯಾಗ ಮಾತಾಡ್ತದ."

ಒಲೆಯ ಮುಂದಿದ್ದ ಅವನ ಹೆಂಡತಿ, ನಮ್ಮ ಕಾಕು, ಬಿಟ್ಟಾಳೆಯೇ? "ನಾನೂ ನಳದ ಸಾಲಿನ್ಯಾಗ ನಿಂತು ಬಂದು ರೊಟ್ಟಿ ಬಡೀತೀನಿ. ನನ್ನ ಸುರ ಯಾರು ಕೇಳ್ಯಾರ?"

ನಾವಿಬ್ಬರೂ ನಕ್ಕುಬಿಟ್ಟೆವು.

ಚಾಳಿನ ಶನಿವಾರದ ಭಜನೆಯಲ್ಲಿ ಹಾಡುವುದೊಂದೇ ಕಾಕುವಿನ ಸುಖ. ಒಮ್ಮೆ ಜ್ವರ ಬಂದುಹೋದ ಮೇಲೆ ಅವಳ ಕಂಠ ಇಳಿಯಿತು. ಇಳಿದದ್ದಾದರೂ ಎಲ್ಲಿಗೆ? ಹಾರ್ಮೋನಿಯಮ್ಮಿನ ಎರಡು ಪಟ್ಟಿಗಳ ನಡುವಿನ ಸಂದಿಗೆ! ಮೇಲಿನದಕ್ಕೆ ಹಾಡಿದರೆ ಕೆಮ್ಮು, ಕೆಳಗಿನದಕ್ಕೆ ದನಿಯೇ ಇಲ್ಲ. ಪೇಟಿ ಬಾರಿಸುವ ಮಾಸ್ತರರು, "ನಿಮ್ಮ ಸುರ ನನ್ನ ಪೇಟ್ಯಾಗ ಇಲ್ರೀ ಕಾಕೂ. ನೀವು ತಾಳಾ ಹಾಕ್ರಿ ಸಾಕು" ಎಂದರು. ಕಾಕು ಭಜನೆಗೆ ಹೋಗುವುದನ್ನೇ ಬಿಟ್ಟಳು. ಮನೆಯಲ್ಲಿ ಗುನುಗುವುದೂ ನಿಂತಿತು.

ಆಗ ಹತ್ತಿತು ನೋಡಿ ಕಾಕಾನಿಗೆ ಹುಚ್ಚು! ಕ್ಲಾರಿನೆಟ್ಟಿನ ಕೊರಳಿನ ಜೋಡಣೆ ಎಳೆದು ಕೊಳವೆ ಉದ್ದ ಮಾಡಿದ. ಸ್ವರ ಇಳಿಯಿತು, ಆದರೆ ಸಮನಾಗಿ ಅಲ್ಲ. ಬಾಯಿಯ ಹತ್ತಿರದ ತೂತುಗಳದು ಹೆಚ್ಚು ಇಳಿಯಿತು, ದೂರದವು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಅವುಗಳ ಅಂಚಿಗೆ ಮೇಣ ಮೆತ್ತಿ ಕಿರಿದು ಮಾಡಿದ. ಊದುವುದು, ಕೆರೆಯುವುದು, ಮತ್ತೆ ಮೆತ್ತುವುದು.

"ಏನ್ ನಡಿಸೀಯ ಕಾಕಾ?"

"ಸಂದಿ ಹುಡುಕ್ಲಿಕತ್ತೀನಿ!"

ಕಾಂದಿವಲಿಯ ಮದುವೆಯೊಂದರಲ್ಲಿ ಬ್ಯಾಂಡೆಲ್ಲ ಒಂದು ಸ್ವರ, ಕಾಕಾ ಇನ್ನೊಂದು. ವರನ ಕುದುರೆಯೂ ತಿರುಗಿ ನೋಡಿತಂತೆ. "ಮೇಣ್ ನಿಕಾಲೋ, ನಹೀ ತೋ ಮತ್ ಆನಾ" ಎಂದ ಬ್ಯಾಂಡಿನ ಯಜಮಾನ, ಮೇಣ ತೆಗೆಯದಿದ್ದರೆ ಬರಲೇಬೇಡ ಅಂತ. ಕಾಕಾ ಮನೆಗೆ ಬಂದ, ಮೇಣದ ಸಮೇತ.

ಮುಂದಿನ ಶನಿವಾರ ಕಾಕುವಿನ ಕೈಹಿಡಿದು ಭಜನೆಗೆ ಕರೆತಂದ. ಮಾಸ್ತರರಿಗೆ, "ಇವತ್ತ ಪೇಟಿ ಮುಚ್ರಿ" ಎಂದ. ಕ್ಲಾರಿನೆಟ್ಟಿನ ಸ್ವೆಟರ್ ಬಿಚ್ಚಿ ಅವಳ ಹೆಗಲಿಗೆ ಹೊದಿಸಿದ.

"ಅದಕ್ಕ ಥಂಡಿ ಆಗ್ತದಲ್ರೀ?" ಎಂದಳು ಕಾಕು ಮೆಲ್ಲಗೆ.

"ಆಗ್ಲಿ. ನೀ ಹಾಡು."

ಕಾಕಾ ಊದಿದ ಸ್ವರಕ್ಕೆ ಕಾಕು ಹಾಡಿದಳು. ಕೆಮ್ಮು ಬರಲಿಲ್ಲ. ಮಾಸ್ತರರೇ ತಾಳ ಹಾಕಿದರು. ನನಗೆ ಅಳು ಬಂತು. ಬ್ಯಾಂಡಿನವರು ಆಮೇಲೂ ಎಷ್ಟೋ ಸಲ ಕರೆ ಕಳಿಸಿದರು. ಆ ಮೇಣವನ್ನು ಮಾತ್ರ ಕಾಕಾ ಕೊನೆಯವರೆಗೂ ಕೆರೆಯಲಿಲ್ಲ.