ಬರಿಗೈ ಹೆಣಿಗೆ

ಉಣ್ಣೆಯಂಗಡಿಯ ಅಕ್ಕ ಬಾಯಿ ತಪ್ಪಿ ಆಡಿದ್ದು ಮೂರೇ ಮಾತು. "ಅಯ್ಯೋ, ಕುಣಿಕೆ ಬಿಟ್ಟಳು!"

ಆಡಿದ್ದು ತನ್ನಷ್ಟಕ್ಕೆ ತಾನೇ. ಆದರೆ ಕೋರ್ಟಿನಲ್ಲಿ, ಅದೂ ಬೇಕರಿಯಮ್ಮನ ಪಕ್ಕದಲ್ಲಿ ಕೂತು ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುವುದೆಂದರೆ ಡಂಗುರದವನ ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ.

"ಯಾರು? ಏನು ಬಿಟ್ಟಳು?" ಬೇಕರಿಯಮ್ಮ ಮೊಣಕೈಯಿಂದ ತಿವಿದಳು.

"ಏನಿಲ್ಲ ಬಿಡಿ."

"ಏನಿಲ್ಲ ಅಂದ್ರೆ ಏನೋ ಇದೆ ಅಂತಲೇ. ಹೇಳ್ರೀ ಅಕ್ಕ, ನಾನೇನು ಊರಿಗೆಲ್ಲ ಸಾರ್ತೀನಾ?"

ಅದು ಗಡಿಯಾರ ರಿಪೇರಿಯವನ ಕೊಲೆ ಮೊಕದ್ದಮೆಯ ಹನ್ನೊಂದನೆಯ ದಿನ. ಆತ ತನ್ನ ಕೆಲಸದ ಕುರ್ಚಿಯಲ್ಲೇ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಹಾಗೇ ಸತ್ತು ಕೂತಿದ್ದ. ಕತ್ತಿಗೆ ಉಣ್ಣೆಯ ಹುರಿಯೊಂದು ಬಿಗಿದಿತ್ತು. ಕೈಯಲ್ಲಿ ಹೆಣೆದ ಹುರಿ. ಅಂಥ ಹೆಣಿಗೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಹೆಣೆದವರು ಸಿಕ್ಕರೆ ಕೊಂದವರು ಸಿಕ್ಕ ಹಾಗೆ ಎಂದು ತಜ್ಞರು ಹೇಳಿಯಾಗಿತ್ತು. ಕಟಕಟೆಯಲ್ಲಿ ಕೂತವಳು ಅವನ ಹೆಂಡತಿ. ಅವಳ ವಕೀಲರ ವಾದ ಒಂದೇ: ಈಕೆಗೆ ಹೆಣಿಗೆ ಬರುವುದಿಲ್ಲ. ಈಕೆ ಕೈಯಲ್ಲಿ ಕಡ್ಡಿ ಹಿಡಿದದ್ದನ್ನು ಕಂಡವರು ಯಾರಾದರೂ ಇದ್ದರೆ ಮುಂದೆ ಬರಲಿ. ಯಾರೂ ಬಂದಿರಲಿಲ್ಲ.

ಆ ಹುರಿಯನ್ನು ಜನ ಯಾರೂ ನೋಡಿರಲಿಲ್ಲ. ಅದು ಅರಗಿನ ಮುದ್ರೆ ಒತ್ತಿದ ಕಂದು ಲಕೋಟೆಯೊಳಗಿತ್ತು. ನೋಡದಿದ್ದರೇನು, ಅದರ ಬಣ್ಣ, ಉದ್ದ, ಗಂಟು ಎಲ್ಲದರ ಬಗ್ಗೆಯೂ ಮೂರನೆಯ ಬೆಂಚಿನಲ್ಲಿ ತೀರ್ಮಾನವಾಗಿತ್ತು. ಆ ಬೆಂಚಿನ ಕಾಯಂ ಸದಸ್ಯರು ನಾಲ್ವರು: ಅಕ್ಕ, ಅಕ್ಕನ ನಾದಿನಿ, ಬೇಕರಿಯಮ್ಮ, ಮತ್ತು ನಿವೃತ್ತ ಪೋಸ್ಟ್‌ಮಾಸ್ಟರು.

"ಅಳೋದೇ ಇಲ್ಲ ನೋಡಿ," ಎಂದು ಪೋಸ್ಟ್‌ಮಾಸ್ಟರು ಮೊದಲ ದಿನವೇ ತೀರ್ಪು ಕೊಟ್ಟಿದ್ದರು. "ಗಂಡ ಸತ್ತವಳು ಅಳಬೇಕೋ ಬೇಡ್ವೋ?"

ಎರಡನೆಯ ದಿನ ಅವಳು ಕರವಸ್ತ್ರ ಕಣ್ಣಿಗೊತ್ತಿಕೊಂಡಾಗ, "ನಾಟಕ," ಎಂದಿದ್ದಳು ನಾದಿನಿ.

ಐದನೆಯ ದಿನ ಅವಳು ನೀರು ಕುಡಿದಳು. ಗಂಟಲು ಒಣಗುವುದು ಯಾರಿಗೆ? ತಪ್ಪು ಮಾಡಿದವರಿಗೆ. ಆರನೆಯ ದಿನ ಕುಡಿಯಲಿಲ್ಲ. ಎಂಥ ಗಟ್ಟಿಗಿತ್ತಿ!

ಎಲ್ಲರೂ ಅವಳ ಮುಖ ನೋಡುತ್ತಿದ್ದರು. ಅಕ್ಕ ಒಬ್ಬಳೇ ಕೈ ನೋಡುತ್ತಿದ್ದಳು. ಮೂವತ್ತು ವರ್ಷ ಹೆಣಿಗೆ ಕಲಿಸಿದವಳ ಕಣ್ಣು ಬೇರೆಲ್ಲಿಗೆ ಹೋದೀತು? ಹೊಸದಾಗಿ ಕಲಿಯಲು ಬಂದವರಿಗೆ ಅಕ್ಕ ಮೊದಲ ವಾರ ಉಣ್ಣೆ, ಕಡ್ಡಿ ಕೊಡುತ್ತಲೇ ಇರಲಿಲ್ಲ. ಬರಿಗೈಯಲ್ಲಿ ಬೆರಳಾಡಿಸಬೇಕು. ಬೆರಳು ಕಲಿತ ಮೇಲೆ ಕಡ್ಡಿ. ಹಾಗಾಗಿ ಗಾಳಿಯಲ್ಲಾಡುವ ಬೆರಳು ನೋಡಿಯೇ ಅದು ಕಾಲುಚೀಲವೋ ಕುಲಾವಿಯೋ ಎಂದು ಹೇಳಿಬಿಡುತ್ತಿದ್ದಳು.

ಕಟಕಟೆಯವಳ ಬೆರಳುಗಳು ಹೆಣೆಯುತ್ತಿದ್ದವು. ಮಡಿಲಲ್ಲಿ, ಕಟಕಟೆಯ ಮರೆಯಲ್ಲಿ, ಬೆಂಚುಗಳ ಪೈಕಿ ಅಕ್ಕ ಕೂರುವ ಮೂರನೆಯ ಬೆಂಚಿನ ಬಲತುದಿಗೆ ಮಾತ್ರ ಕಾಣುವ ಸಂದಿನಲ್ಲಿ. ಉಣ್ಣೆಯಿಲ್ಲ, ಕಡ್ಡಿಯಿಲ್ಲ. ಆದರೂ ಇಲ್ಲದ ದಾರವನ್ನು ಅವಳು ಕಿರುಬೆರಳಿಗೆ ಸುತ್ತಿಕೊಳ್ಳುವಾಗ ಅಕ್ಕನಿಗೆ ದಾರ ಕಾಣಿಸುತ್ತಿತ್ತು. ಮೂರು ಸುತ್ತಿಗೊಮ್ಮೆ ಒಂದು ಕುಣಿಕೆಯನ್ನು ಹಿಂದಕ್ಕೆ ತಿರುಚಿ ಇನ್ನೊಂದರ ಮೇಲೆ ದಾಟಿಸುವ ವಿಚಿತ್ರ ಹೆಣಿಗೆ. ಅಕ್ಕ ಎಲ್ಲೂ ಕಂಡಿದ್ದಲ್ಲ. ಕೆಲವು ದಿನ ಅದೇ ಸಾಲು ಮತ್ತೆ ಮತ್ತೆ, ಬಹಳ ನಿಧಾನವಾಗಿ. ರಾತ್ರಿ ಮಲಗಿದರೆ ಆ ಬೆರಳುಗಳು ರೆಪ್ಪೆಯೊಳಗೆ ಆಡುತ್ತಿದ್ದವು. ಬೆಳಿಗ್ಗೆ ಎದ್ದರೆ ಅಕ್ಕನ ಬೆರಳುಗಳು ಜೋಮು ಹಿಡಿದಿರುತ್ತಿದ್ದವು.

ಇದನ್ನು ಅಕ್ಕ ಹತ್ತು ದಿನ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಆ ಹೆಂಗಸಿನ ಬದುಕು ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು. ಮೇಲಾಗಿ, ಅಕ್ಕನ ಗಂಡ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆಯುವಾಗ ಅಕ್ಕ ಮಂಚದ ಪಕ್ಕ ಕೂತು ಹೆಣೆಯುತ್ತಲೇ ಇದ್ದಳು. ನಿಲ್ಲಿಸಿದರೆ ಅವನ ಉಸಿರೂ ನಿಂತೀತು ಎಂಬ ಹೆದರಿಕೆ. ಊರು ಅಂದದ್ದು ಮಾತ್ರ, "ಗಂಡ ಹೋಗ್ತಿದ್ರೂ ಸ್ವೆಟರ್ ಮುಗಿಸ್ತಾ ಕೂತಿದ್ಲಂತೆ ಪುಣ್ಯಾತ್ಗಿತ್ತಿ." ಬೆರಳಾಡಿದ್ದಕ್ಕೆಲ್ಲ ಅರ್ಥ ಹಚ್ಚುವ ಜನರ ಕೈಗೆ ಇನ್ನೊಬ್ಬಳನ್ನು ಕೊಡುವುದು ಅವಳಿಗೆ ಬೇಕಿರಲಿಲ್ಲ.

ಆದರೆ ಇವತ್ತು ಆ ಬೆರಳು ತಪ್ಪಿತು. ದಾಟಿಸಬೇಕಾದ ಕುಣಿಕೆ ಜಾರಿತು. ಅಕ್ಕನ ಬಾಯೂ ಜಾರಿತು.

ಬೇಕರಿಯಮ್ಮನ ತಿವಿತ ತಾಳಲಾರದೆ ಕಂಡದ್ದನ್ನು ಹೇಳಿಯೂಬಿಟ್ಟಳು. ಬೇಕರಿಯಮ್ಮ ಮಾತಿಗೆ ತಪ್ಪಲಿಲ್ಲ. ಊರಿಗೆಲ್ಲ ಸಾರಲಿಲ್ಲ. ಹಿಂದಿನ ಬೆಂಚಿಗೆ ಮಾತ್ರ ಹೇಳಿದಳು. ಹನ್ನೊಂದು ಗಂಟೆಯ ಚಹಾ ಹೊತ್ತಿಗೆ ಕಾರಿಡಾರಿನಲ್ಲಿ ಅಕ್ಕನ ಸುತ್ತ ಜನ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ.

"ಗಾಳೀಲಿ ಉರುಳು ಹೆಣೀತಿದ್ದಾಳಂತೆ!"

"ಜಡ್ಜ್ ಸಾಹೇಬರ ಕತ್ತಿನ ಅಳತೆಗೆ ಅಂತಲ್ಲ?"

"ನಾನು ಹಾಗೆ ಹೇಳಲಿಲ್ಲ," ಎಂದಳು ಅಕ್ಕ.

"ಹಾಗಾದ್ರೆ ಯಾರ ಅಳತೆಗೆ?" ಪೋಸ್ಟ್‌ಮಾಸ್ಟರು ತಮ್ಮ ಕಾಲರು ಸರಿಪಡಿಸಿಕೊಂಡರು. "ನನ್ನ ಕಡೆ ಎರಡು ಸಲ ನೋಡಿದ್ಲು. ಇವತ್ತಿಂದ ನಾನು ಬಾಗಿಲ ಹತ್ತಿರ ಕೂತ್ಕೋತೀನಿ."

ಅಷ್ಟರಲ್ಲಿ ಸರ್ಕಾರಿ ವಕೀಲರ ಸಹಾಯಕ ಕಪ್ಪು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಂದ. "ಹೆಣಿಗೆ ಓದೋರು ಯಾರು? ಊಟದ ನಂತರ ಸಾಕ್ಷಿ ಹೇಳಬೇಕು. ಜಡ್ಜ್ ಸಾಹೇಬರು ಒಪ್ಪಿದ್ದಾರೆ."

ಅಕ್ಕ ಹಿಂದೆ ಸರಿದಳು. ನಾದಿನಿ ಮಾತ್ರ ಮದುವೆ ಹೆಣ್ಣನ್ನು ಸಿದ್ಧ ಮಾಡುವವಳಂತೆ ಮುನ್ನುಗ್ಗಿದಳು.

"ನೋಡು ಅತ್ತಿಗೆ, ನೆಟ್ಟಗೆ ನಿಲ್ಲು. ಬಗ್ಗಿ ನಿಂತ್ರೆ ಸುಳ್ಳು ಹೇಳ್ತಿದ್ದಾಳೆ ಅಂತಾರೆ."

"ತೀರಾ ನೆಟ್ಟಗೂ ಬೇಡ," ಎಂದಳು ಬೇಕರಿಯಮ್ಮ. "ಸೊಕ್ಕು ಅಂತಾರೆ."

"ಯೋಚಿಸಿ ಉತ್ತರ ಕೊಡಿ," ಎಂದರು ಪೋಸ್ಟ್‌ಮಾಸ್ಟರು.

"ಯೋಚಿಸಿದ್ರೆ ಕಟ್ಟುಕತೆ ಅಂತಾರಪ್ಪ."

ಅಕ್ಕ ಮುಖ ತೊಳೆಯುವ ನೆಪ ಹೇಳಿ ತಪ್ಪಿಸಿಕೊಂಡಳು. ಹಿಂದಿನ ಕಾರಿಡಾರು ಖಾಲಿಯಿತ್ತು. ಗೋಡೆಯ ದೊಡ್ಡ ಗಡಿಯಾರ ನಾಲ್ಕು ಹತ್ತಕ್ಕೆ ನಿಂತಿತ್ತು. ಅದಕ್ಕೆ ಪ್ರತಿ ಸೋಮವಾರ ಕೀಲಿ ಕೊಡುತ್ತಿದ್ದವನು ಸತ್ತವನೇ. ಎದುರಿನಿಂದ ಮಹಿಳಾ ಪೊಲೀಸು ಆರೋಪಿಯನ್ನು ಕರೆದುಕೊಂಡು ಬಂದಳು. ಹಾದುಹೋಗುವಾಗ ಆರೋಪಿ ಅಕ್ಕನ ಮುಖ ನೋಡಲಿಲ್ಲ. ಹೊಟ್ಟೆಯ ಮುಂದೆ ಹಿಡಿದ ಕೈಗಳು ಮಾತ್ರ ಆಡುತ್ತಿದ್ದವು. ಎತ್ತು, ತಿರುಚು, ದಾಟಿಸು. ಎತ್ತು, ತಿರುಚು, ದಾಟಿಸು. ಎಳೆಯ ಮಗುವಿಗೆ ತುತ್ತು ತೋರಿಸುವಷ್ಟು ತಾಳ್ಮೆಯಿಂದ.

ಅಕ್ಕನಿಗೆ ಮರುಕ ಬಂತು. ಪಾಪ, ತನಗೇ ಗೊತ್ತಿಲ್ಲದೆ ಆಡುವ ಕೈ. ಈ ಕೈಗೆ ನಾನು ಬೇಡಿ ತೊಡಿಸಬೇಕೇ? ಅಕ್ಕ ನಿರ್ಧರಿಸಿದಳು. ಆಯುಸ್ಸಿನಲ್ಲಿ ಒಂದು ಸುಳ್ಳು. ದೇವರು ಬೇಕಾದರೆ ಆಮೇಲೆ ವಿಚಾರಿಸಿಕೊಳ್ಳಲಿ.

ಮಧ್ಯಾಹ್ನ ಕಿಟಕಿಯ ಮೇಲೂ ಜನ. ಅಕ್ಕ ಪ್ರಮಾಣ ಮಾಡಿದ ಮೇಲೆ ಸರ್ಕಾರಿ ವಕೀಲರು ಮೀಸೆಯಡಿಯಲ್ಲೇ ನಗುತ್ತ ಕೇಳಿದರು, "ಆರೋಪಿ ಹೆಣೀತಿದ್ದನ್ನ ನೀವು ಕಂಡಿದ್ದೀರಿ. ಅಲ್ವೇ?"

"ಇಲ್ಲ ಸ್ವಾಮಿ."

"ಇಲ್ಲ ಅಂದ್ರೆ?"

"ಅದು ಬರೀ ನಡುಕ. ನಾನು ಮೂವತ್ತು ವರ್ಷದಿಂದ ಕಲಿಸ್ತಿದ್ದೀನಿ. ಆ ಕೈಗೆ ಹೆಣಿಗೆಯ ಗಂಧವೂ ಇಲ್ಲ, ಗಾಳಿಯೂ ಇಲ್ಲ."

ಬೆಂಚುಗಳಿಂದ ಬಲೂನು ಸೋರಿದಂಥ ಶಬ್ದ ಬಂತು. ಸರ್ಕಾರಿ ವಕೀಲರು ಕೂತರು. ಆರೋಪಿಯ ವಕೀಲರೂ ಅಲ್ಲಿಗೆ ಬಿಟ್ಟಿದ್ದರೆ ಅಕ್ಕ ಮನೆಗೆ ಹೋಗುತ್ತಿದ್ದಳು. ಆದರೆ ಗೆದ್ದ ಸಂತೋಷದಲ್ಲಿ ಅವರು ಎದ್ದು ನಿಂತರು.

"ಶಹಬ್ಬಾಸ್! ಹೆಣಿಗೆ ಬಲ್ಲ ಕೈ ಹೇಗಿರುತ್ತೆ ಅಂತ ನ್ಯಾಯಾಲಯಕ್ಕೆ ಒಂಚೂರು ತೋರಿಸಿಬಿಡಿ. ಎಲ್ಲರಿಗೂ ವ್ಯತ್ಯಾಸ ಕಾಣಲಿ."

ಅಕ್ಕನ ಚೀಲದಲ್ಲಿ ಕಡ್ಡಿಯೂ ಇತ್ತು, ಉಣ್ಣೆಯ ಉಂಡೆಯೂ ಇತ್ತು. ಕೈಗೆತ್ತಿಕೊಂಡಳು. ನೂರು ಕಣ್ಣು ತನ್ನ ಮೇಲೆ. ನೆಟ್ಟಗೆ ನಿಲ್ಲಲೋ, ಬಗ್ಗಲೋ? ಏನು ಹೆಣೆಯುವುದೆಂದು ತಿಳಿಯದೆ, ಹನ್ನೊಂದು ದಿನದ ರೂಢಿಯಂತೆ ಕಣ್ಣು ಕಟಕಟೆಯ ಸಂದಿಗೆ ಹೋಯಿತು. ಸಾಕ್ಷಿ ನಿಲ್ಲುವ ಕಡೆಯಿಂದಲೂ ಅದು ಕಾಣುತ್ತಿತ್ತು. ಅಲ್ಲಿ ಬೆರಳುಗಳು ಮೆಲ್ಲಗೆ ಆಡುತ್ತಿದ್ದವು. ಎತ್ತು, ತಿರುಚು, ದಾಟಿಸು. ಅಕ್ಕನ ಕೈಯೂ ಆ ಲಯ ಹಿಡಿಯಿತು. ಕಡ್ಡಿಗಳು ಟಿಕಟಿಕ ಎಂದವು. ಸಾಕು ಎಂದು ಯಾರೂ ಹೇಳಲಿಲ್ಲ. ತಾನು ಹೆಣೆಯುತ್ತಿದ್ದೇನೆ ಎಂಬ ಅರಿವೂ ಅಕ್ಕನಿಗೆ ಉಳಿಯಲಿಲ್ಲ.

"ಒಂದು ನಿಮಿಷ," ಎಂದರು ನ್ಯಾಯಾಧೀಶರು.

ಅಕ್ಕನ ಕೈಯಿಂದ ಒಂದು ಗೇಣುದ್ದದ ಹುರಿ ಇಳಿಬಿದ್ದಿತ್ತು.

ನ್ಯಾಯಾಧೀಶರು ಅದನ್ನು ತರಿಸಿಕೊಂಡರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಂದು ಲಕೋಟೆಯ ಮುದ್ರೆ ಒಡೆಸಿದರು. ಹೊರಬಂದ ಹುರಿಯನ್ನು ಅಕ್ಕನ ಹುರಿಯ ಪಕ್ಕ ಮೇಜಿನ ಮೇಲೆ ಮಲಗಿಸಿದರು. ಬಣ್ಣ ಬೇರೆ, ಅಷ್ಟೇ. ತಿರುಚಿಗೆ ತಿರುಚು, ದಾಟಿಗೆ ದಾಟು, ಒಂದೇ ತಾಯಿಯ ಎರಡು ಹಾವಿನ ಮರಿಗಳ ಹಾಗೆ.

"ಈ ಹೆಣಿಗೆ ನಿಮಗೆ ಯಾರು ಕಲಿಸಿದ್ದು?"

ಅಕ್ಕ ಕಟಕಟೆಯ ಕಡೆ ತಿರುಗಿದಳು. ಆ ಕೈಗಳು ಮಡಿಲಲ್ಲಿ ಅಂಗಾತ ಮಲಗಿದ್ದವು. ಒಂದು ಬೆರಳೂ ಅಲುಗಲಿಲ್ಲ.

"ಇವರು... ಇವರ ಕೈ ನೋಡಿ ಕಲಿತೆ ಸ್ವಾಮಿ."

"ಹೆಣಿಗೆಯ ಗಂಧಗಾಳಿ ಇಲ್ಲದ ಕೈ ಅಂತ ಈಗ ತಾನೇ ಪ್ರಮಾಣ ಮಾಡಿ ಹೇಳಿದ್ರಲ್ಲ?"

ಅಕ್ಕ ಚೀಲದ ಬಾಯಿ ಮುಚ್ಚಿದಳು.

"ಗಡಿಯಾರದವರ ಪರಿಚಯ ಇತ್ತೇ ನಿಮಗೆ?" ಎಂದು ಸರ್ಕಾರಿ ವಕೀಲರು ಮತ್ತೆ ಎದ್ದರು.

"ನಮ್ಮಂಗಡಿ ಗಡಿಯಾರ ಅವರೇ ರಿಪೇರಿ ಮಾಡ್ತಿದ್ರು. ಊರಲ್ಲಿ ಇದ್ದವರೇ ಅವರೊಬ್ಬರು."

"ಓಹೋ," ಎಂದಿತು ಮೂರನೆಯ ಬೆಂಚು.

ಪೋಸ್ಟ್‌ಮಾಸ್ಟರ ಪಿಸುಮಾತು ಬಾಗಿಲಿನಿಂದ ಜಡ್ಜಿಯವರೆಗೂ ಕೇಳಿಸಿತು: "ಅಳ್ತಾನೇ ಇಲ್ಲ ನೋಡಿ."

"ಅವರ ಗಂಡ ಹೋದಾಗಲೂ ಅತ್ತಿರಲಿಲ್ಲ," ಎಂದಳು ಬೇಕರಿಯಮ್ಮ.

ನಾದಿನಿ ಬೆಂಚಿನ ಮೇಲೆ ಒಂದು ಗೇಣು ಆಚೆ ಸರಿದು ಕೂತಳು. "ನಾನು ಅವರ ಜೊತೆ ಇರೋದು ಹೆಸರಿಗಷ್ಟೆ."

ನಾಲ್ಕು ಗಂಟೆಯೊಳಗೆ ಎರಡು ಆದೇಶ ಬಂದವು. ಆರೋಪಿಗೆ ಜಾಮೀನು. ಉಣ್ಣೆಯಂಗಡಿಯ ಅಕ್ಕನಿಗೆ ವಿಚಾರಣೆ ಮುಗಿಯುವವರೆಗೆ ಪೊಲೀಸ್ ಕಸ್ಟಡಿ.

ಕಾರಿಡಾರಿನಲ್ಲಿ ಇಬ್ಬರೂ ಎದುರುಬದುರಾದರು. ಮಹಿಳಾ ಪೊಲೀಸು ಒಬ್ಬಳ ತೋಳು ಬಿಟ್ಟು ಇನ್ನೊಬ್ಬಳ ತೋಳು ಹಿಡಿಯುವಷ್ಟು ಹೊತ್ತು. ಗಡಿಯಾರದವನ ಹೆಂಡತಿ ಹನ್ನೊಂದು ದಿನಗಳಲ್ಲಿ ಮೊದಲ ಬಾರಿಗೆ ಅಕ್ಕನ ಮುಖ ನೋಡಿದಳು. ತುಂಬ ಮೃದುವಾದ ದನಿ.

"ನಿಮ್ಮ ಕೈ ಚುರುಕು ಅಕ್ಕ. ಹನ್ನೊಂದೇ ದಿನಕ್ಕೆ ಕಲಿತುಬಿಟ್ರಿ. ನನಗೆ ಮೂರು ತಿಂಗಳು ಹಿಡಿದಿತ್ತು."

ಅಕ್ಕ ಜನರ ಕಡೆ ತಿರುಗಿದಳು. "ಕೇಳಿದ್ರಾ?" ಎಂದು ಕಿರುಚಿದಳು. "ಇವಳೇ ಹೇಳಿದ್ಲು! ಬೇಕು ಅಂತಲೇ ಕಲಿಸಿದ್ಲು! ಯಾರಾದ್ರೂ ಕೇಳಿದ್ರಾ?"

ಎಲ್ಲರೂ ತಿರುಗಿದರು. ಗಡಿಯಾರದವನ ಹೆಂಡತಿಯ ಕೆನ್ನೆಯ ಮೇಲೆ ದಳದಳ ನೀರು ಇಳಿಯುತ್ತಿತ್ತು.

"ಪಾಪದ ಜೀವ," ಎಂದಳು ಬೇಕರಿಯಮ್ಮ. "ಹನ್ನೊಂದು ದಿನ ಹೇಗೆ ತಡೆದುಕೊಂಡಿದ್ದಳೋ. ಈ ಹೆಂಗಸು ಇನ್ನೂ ಅವಳನ್ನ ಬಿಡ್ತಿಲ್ವಲ್ಲ!"

ಜನ ಅವಳಿಗೆ ದಾರಿ ಮಾಡಿಕೊಟ್ಟರು. ಪೋಸ್ಟ್‌ಮಾಸ್ಟರು ನೀರಿನ ಲೋಟ ಹಿಡಿದು ನಿಂತರು. ಅವಳು ಎರಡು ಹೆಜ್ಜೆ ಹೋದವಳು ಹಿಂದಿರುಗಿ ಬಂದು, ಸಮಾಧಾನ ಮಾಡುವವಳಂತೆ ಅಕ್ಕನ ಹೆಗಲು ತಬ್ಬಿಕೊಂಡಳು.

"ಕಟಕಟೆಯ ಬೆಂಚಿನ ಎಡಗಾಲು ಕುಂಟು," ಎಂದಳು ಕಿವಿಯಲ್ಲಿ. "ಬಲಕ್ಕೆ ಒರಗಿ ಕೂತ್ಕೊಳ್ಳಿ. ಅಲ್ಲಾಡಿದ್ರೆ ಜನ ತಪ್ಪು ತಿಳ್ಕೋತಾರೆ."