ಯಾರ ಕಡೆಯೂ ಅಲ್ಲದ ಕಂಪನಿಗೆ ನೆಂಟರು ದೊರೆತದ್ದು

ಎರಡು ಸಾವಿರದ ಹದಿನಾಲ್ಕನೆಯ ಇಸವಿಯಲ್ಲಿ ಸೀತಾಂಗೋಳಿ ಪೇಟೆಯ ಬೇಕರಿಯ ಮೇಲಿನ ಮಹಡಿಯಲ್ಲಿ ಸ್ಥಾಪನೆಯಾದ 'ನಿಷ್ಪಕ್ಷ ಹಣಕಾಸು ಸಲಹಾ ಸಂಸ್ಥೆ'ಯು ಯಾರ ಕಡೆಯೂ ಆಗಿರಲಿಲ್ಲ ಎಂಬುದನ್ನು ಈ ಮೂಲಕ ಸರ್ವರಿಗೂ ತಿಳಿಯಪಡಿಸಲಾಗುತ್ತದೆ. ಬ್ಯಾಂಕಿನ ಕಡೆಯಲ್ಲ, ವಿಮೆಯ ಕಡೆಯಲ್ಲ, ಚಿನ್ನದಂಗಡಿಯ ಕಡೆಯಂತೂ ಅಲ್ಲವೇ ಅಲ್ಲ. ಜನರ ಹಣ ಎಲ್ಲಿಟ್ಟರೆ ಒಳ್ಳೆಯದೆಂದು ಹೇಳುವುದು, ಹೇಳಿದ್ದಕ್ಕೆ ಅವರಿಂದಲೇ ಫೀಸು ತೆಗೆದುಕೊಳ್ಳುವುದು, ಬೇರೆ ಯಾರಿಂದಲೂ ಒಂದು ಲೋಟ ನೀರೂ ಮುಟ್ಟದಿರುವುದು. ಇಷ್ಟೇ ಅದರ ವ್ರತ.

ಮಾಲಕ ಕೃಷ್ಣಕುಮಾರರು ಮುಂಬಯಿಯಲ್ಲಿ ಕಲಿತು ಬಂದವರು. ವ್ರತದಲ್ಲಿ ಎಷ್ಟು ಬಿಗಿ ಎಂದರೆ, ಕೆಳಗಿನಿಂದ ಬನ್ನಿನ ಪರಿಮಳ ಬಂದರೆ ಕಿಟಕಿ ಮುಚ್ಚುತ್ತಿದ್ದರು, ಬೇಕರಿಯವನ ಋಣವಾದೀತೆಂದು. ಗೋಡೆಯಲ್ಲಿ ಕ್ಯಾಲೆಂಡರ್ ಇರಲಿಲ್ಲ. ಕ್ಯಾಲೆಂಡರ್ ಎಂದರೆ ಬ್ಯಾಂಕಿನವರೋ ಚಿನ್ನದಂಗಡಿಯವರೋ ಪುಕ್ಕಟೆ ಕೊಡುವಂಥದ್ದು. ದುಡ್ಡು ಕೊಟ್ಟು ಕ್ಯಾಲೆಂಡರ್ ಕೊಂಡ ಮನುಷ್ಯ ಕುಂಬಳೆಯಿಂದ ವರ್ಕಾಡಿಯವರೆಗೆ ಇನ್ನೂ ಹುಟ್ಟಿಲ್ಲ. ಆದ್ದರಿಂದ ದಿನಾ ಬೆಳಿಗ್ಗೆ ಅವರು ಕೆಳಗಿಳಿದು ಬಸ್ಸಿನ ಕಂಡಕ್ಟರನ ಹತ್ತಿರ ತಾರೀಕು ಕೇಳಿಕೊಂಡು ಬರುತ್ತಿದ್ದರು. ಒಬ್ಬನೇ ಕಂಡಕ್ಟರನಲ್ಲಿ ಎರಡು ದಿನ ಕೇಳತಕ್ಕದ್ದಲ್ಲ ಎಂಬುದು ಸಂಸ್ಥೆಯ ನಿಯಮ.

ಇಂಥಲ್ಲಿಗೆ ಒಬ್ಬ ಸಲಹೆಗಾರರು ಬೇಕಾಗಿದ್ದಾರೆಂದು ಬೋರ್ಡು ಬಿದ್ದಾಗ ತಸ್ನೀಮಳಿಗೆ ಕಾಲು ನೆಲದಲ್ಲಿ ನಿಲ್ಲಲಿಲ್ಲ. ಎಂಕಾಂ ಮುಗಿಸಿ ಅವಳು ಮಾಡುತ್ತಿದ್ದದ್ದು ಮಾವನ ಮಗ ರಿಯಾಝನ ಮೊಬೈಲ್ ಅಂಗಡಿಯಲ್ಲಿ ಸ್ಕ್ರೀನ್ ಗಾರ್ಡ್ ಅಂಟಿಸುವ ಕೆಲಸ. ಗುಳ್ಳೆ ಏಳದಂತೆ ಅಂಟಿಸುವುದರಲ್ಲಿ ಅವಳಿಗೆ ಆಗಲೇ ಹೆಸರು ಬಂದಿತ್ತು. ಅವಳ ಹೆದರಿಕೆಯೂ ಅದೇ.

"ಇದೂ ತಪ್ಪಿದರೆ ಉಮ್ಮಾ, ನಾನು ಜೀವಮಾನವಿಡೀ ಗುಳ್ಳೆ ಒತ್ತಿಕೊಂಡು ಕೂರುವುದೇ."

"ತಪ್ಪುವುದೆಂತಕ್ಕೆ? ಅಜ್ಜನನ್ನು ಕರೆದುಕೊಂಡು ಹೋಗು" ಎಂದಳು ತಾಯಿ ಮರಿಯುಮ್ಮ.

ಅಜ್ಜ ಅದ್ರಾಮ ಎಂದರೆ ಕಡಿಮೆ ಜನ ಅಲ್ಲ. ವರ್ಕಾಡಿ ಲೈನಿನಲ್ಲಿ ಜೀಪು ಓಡಿಸಿದವರು. ಒಮ್ಮೆ ಜನ ಹತ್ತಿ ಹತ್ತಿ ಡ್ರೈವರನಿಗೇ ಜಾಗ ಇಲ್ಲದಾದಾಗ, ಅವರು ಹಿಂದುಗಡೆ ನೇತಾಡಿಕೊಂಡು, "ಎಡಕ್ಕೆ! ಬಲಕ್ಕೆ! ನಿಧಾನ!" ಎಂದು ಕೂಗಿಯೇ ಜೀಪನ್ನು ಊರು ಮುಟ್ಟಿಸಿದ್ದರು. ನಂಬದವರು ಬಂದು ನೋಡಬಹುದು, ಆ ಜೀಪು ಹಿತ್ತಿಲಲ್ಲಿ ಈಗಲೂ ಉಂಟು, ಒಳಗೆ ಕೋಳಿಗಳಿವೆ. ಅದಲ್ಲದೆ ಊರಿನಲ್ಲಿ ಯಾರ ಮದುವೆ ಮಾತುಕತೆಯಾದರೂ ಮುಂದಿನ ಕುರ್ಚಿ ಅದ್ರಾಮರದ್ದೇ. ಹುಡುಗನ ಮನೆಯವರ ಮೂರು ತಲೆಮಾರಿನ ಕೆಮ್ಮನ್ನು ಕೇಳಿ ತಿಳಿಯದೆ ಅವರು ಚಹಾ ಮುಟ್ಟಿದವರಲ್ಲ.

ಸಂದರ್ಶನದಲ್ಲಿ ಕೃಷ್ಣಕುಮಾರರು ಕೇಳಿದ್ದಕ್ಕೆಲ್ಲ ತಸ್ನೀಮ್ ಪಟಪಟ ಉತ್ತರ ಕೊಟ್ಟಳು. 'ಕೆಲಸ ನಿಮಗೇ' ಎನ್ನಲು ಅವರು ಬಾಯಿ ತೆರೆದದ್ದೂ ಉಂಟು. ಅಷ್ಟರಲ್ಲಿ ಅದ್ರಾಮ ಕುರ್ಚಿಯನ್ನು ಮುಂದಕ್ಕೆ ಎಳೆದರು.

"ಆಯಿತು, ನಮ್ಮ ಹುಡುಗಿಯನ್ನು ನೋಡಿದಿರಿ. ಇನ್ನು ನಿಮ್ಮದು ಹೇಳಿ. ಕಂಪನಿಗೆ ಅಣ್ಣತಮ್ಮ ಯಾರು? ಮಾವ, ಚಿಕ್ಕಪ್ಪ? ಹಿಂದೆಮುಂದೆ ಎಂತ ಉಂಟು?"

ಕೃಷ್ಣಕುಮಾರರ ಎದೆ ಉಬ್ಬಿತು. "ಯಾರೂ ಇಲ್ಲ. ನಾವು ಪೂರ್ತಿ ಸ್ವತಂತ್ರ."

ಅದ್ರಾಮ ಟೋಪಿ ಸರಿಮಾಡಿಕೊಂಡು ಎದ್ದರು. "ಏಳು ಮಗಳೇ, ಹೋಗುವ. ಅನಾಥ ಕಂಪನಿಗೆ ನಮ್ಮ ಮನೆಯಿಂದ ಹೆಣ್ಣು ಕಳಿಸುವ ಕ್ರಮ ಇಲ್ಲ."

"ಅಜ್ಜಾ, ಇದು ಮದುವೆ ಅಲ್ಲ, ಕೆಲಸ!"

"ಮದುವೆಯಾದರೆ ಕುತ್ತಿಗೆಪಟ್ಟಿ ಹಿಡಿದು ಕೇಳಲು ಹುಡುಗ ಒಬ್ಬನಾದರೂ ಇರುತ್ತಾನೆ. ಇಲ್ಲಿ ಎಂತ ಉಂಟು? ಒಂದು ಫ್ಯಾನು."

ತಸ್ನೀಮಳ ಕಣ್ಣ ಮುಂದೆ ಗುಳ್ಳೆಗಳು ಎದ್ದವು. ಅದೇ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದವನು ಉಗ್ಗಪ್ಪ. ಅನಂತಪುರದಲ್ಲಿ ಫ್ಯಾಕ್ಟರಿಯವರಿಗೆ ಜಾಗ ಮಾರಿ, ಬಂದ ಹಣವನ್ನು ಎಲ್ಲಿಡುವುದೆಂದು ತಿಳಿಯದೆ ನಿದ್ದೆಗೆಟ್ಟಿದ್ದವನು. ಸಂಸ್ಥೆ ಶುರುವಾದಂದಿನಿಂದ ಮೆಟ್ಟಿಲು ಹತ್ತಿದ ಮೊದಲನೆಯ ಗಿರಾಕಿ.

"ನೀವು ಯಾರ ಕಡೆಯವರು?" ಎಂದ ಉಗ್ಗಪ್ಪ, ನಿಂತುಕೊಂಡೇ.

"ಯಾರ ಕಡೆಯೂ ಅಲ್ಲ" ಎಂದರು ಕೃಷ್ಣಕುಮಾರರು.

"ಹಾಗಾದರೆ ನಾಳೆ ಹಣ ಮುಳುಗಿದರೆ ನಾನು ಯಾರ ಮನೆ ಅಂಗಳದಲ್ಲಿ ನಿಂತು ಬೈಯುವುದು ಮಾರಾಯ್ರೆ?"

ಉಗ್ಗಪ್ಪ ಬಂದ ದಾರಿಯಲ್ಲೇ ಇಳಿದುಹೋದ. ಕೃಷ್ಣಕುಮಾರರು ಎದ್ದು ಅದ್ರಾಮರ ಕುರ್ಚಿಯನ್ನು ತಾವೇ ಮತ್ತೆ ಮುಂದಕ್ಕೆ ಎಳೆದಿಟ್ಟರು.

"ಅದ್ರಾಮ ಬ್ಯಾರಿಗಳೇ," ಎಂದರು ಮೆಲ್ಲಗೆ, "ನೆಂಟರು ಅಂದರೆ... ಸಾಧಾರಣ ಎಷ್ಟು ಜನ ಬೇಕಾದೀತು?"

"ಅದು ನನಗೆ ಬಿಡಿ. ಹುಡುಗಿಯ ಕೆಲಸ ಗಟ್ಟಿ ತಾನೇ?"

"ಗಟ್ಟಿ."

ಅದ್ರಾಮ ಮಧ್ಯಾಹ್ನದ ಊಟಕ್ಕೆ ಮೊದಲೇ ಪೇಟೆ ಸುತ್ತಿ ಕಂಪನಿಗೆ ನೆಂಟರನ್ನು ಗೊತ್ತುಮಾಡಿ ಬಂದರು. ಚಿನ್ನದಂಗಡಿಯವನು ಮಾತ್ರ, "ನನಗೆ ಇದರಲ್ಲಿ ಎಂತ ಲಾಭ?" ಎಂದು ಕೇಳಿದನಂತೆ. "ಕಂಪನಿಗೆ ಸೋದರಮಾವ ಆಗಿ ಹೀಗೆ ಕೇಳಲು ನಿನಗೆ ನಾಚಿಕೆ ಆಗುವುದಿಲ್ಲವಾ?" ಎಂದು ಅದ್ರಾಮ ಗದರಿದಾಗ ಅವನಿಗೆ ನಿಜವಾಗಿಯೂ ನಾಚಿಕೆಯಾಯಿತು. ಸೋಮವಾರ ಬೇಕರಿಯ ಗೋಡೆಗೆ ಹೊಸ ಪ್ರಕಟಣೆ ಅಂಟಿತು:

'ಸಂಸ್ಥೆಯು ಹಿಂದಿನಂತೆಯೇ ಯಾರ ಕಡೆಯೂ ಅಲ್ಲ. ಆದರೆ ಈ ಕೆಳಗಿನವರು ಸಂಸ್ಥೆಯ ಕಡೆಯವರು. ಸೋದರಮಾವ: ಪೇಟೆಯ ಚಿನ್ನದಂಗಡಿ. ಚಿಕ್ಕಮ್ಮ: ವಿಮೆಯ ಅಮ್ಮಣಿ. ಭಾವ: ಬಸ್ ಸ್ಟ್ಯಾಂಡಿನ ಎದುರಿನ ಚಿಟ್ ಫಂಡು. ನೆಂಟಸ್ತಿಕೆಯನ್ನು ಪಕ್ಷಪಾತವೆಂದು ತಿಳಿಯತಕ್ಕದ್ದಲ್ಲ.'

ನೆಂಟರು ಬರಿಗೈಯಲ್ಲಿ ಬರಲಿಲ್ಲ, ಕ್ಯಾಲೆಂಡರ್ ತಂದರು. ಒಬ್ಬರದನ್ನು ತೂಗುಹಾಕಿದರೆ ಇನ್ನೊಬ್ಬರಿಗೆ ಬೇಸರವೆಂದು ಎಲ್ಲವನ್ನೂ ತೂಗುಹಾಕಲಾಯಿತು. ಪ್ರತಿಯೊಂದರ ಕೆಂಪು ತಾರೀಕಿಗೂ ರಜೆ ಕೊಡದಿದ್ದರೆ ಅದು ಪಕ್ಷಪಾತವಾಗುವುದರಿಂದ, ಸಂಸ್ಥೆ ತೆರೆದಿರುವುದನ್ನು ಕಂಡವರು ಆಮೇಲೆ ಕಡಿಮೆ.

ತಸ್ನೀಮಳಿಗೆ ನೇಮಕದ ಆದೇಶ ಬಂತು. 'ಅಭ್ಯರ್ಥಿಯ ಅಜ್ಜನ ಮನೆಯನ್ನು ಕುಂಬಳೆಯಿಂದ ವರ್ಕಾಡಿಯವರೆಗೆ ಎಲ್ಲರೂ ಬಲ್ಲರಾದ ಕಾರಣ, ಆಕೆ ಹುದ್ದೆಗೆ ಅರ್ಹಳು. ಸದ್ರಿ ಮನೆಯ ಜಗಲಿಯನ್ನು ಸಂಸ್ಥೆಯ ಬೈಗುಳ ಸ್ವೀಕಾರ ಕೇಂದ್ರವೆಂದು ಪರಿಗಣಿಸತಕ್ಕದ್ದು. ಬೈಯುವವರಿಗೆ ಕುರ್ಚಿ ಕೊಡತಕ್ಕದ್ದು.'

"ನನ್ನ ಎಂಕಾಂ, ಸರ್?"

"ಅದೂ ಇರಲಿ. ತೊಂದರೆ ಇಲ್ಲ."

ಪ್ರಕಟಣೆ ನೋಡಿದ ಉಗ್ಗಪ್ಪ ಓಡಿಕೊಂಡೇ ಬಂದ. ತಸ್ನೀಮ್ ಅವನಿಗೆ ಸಂಸ್ಥೆಯ ಸ್ವತಂತ್ರ ಸಲಹೆಯನ್ನು ಓದಿ ಹೇಳಿದಳು: ಸ್ವಲ್ಪ ಸೋದರಮಾವನಲ್ಲಿ, ಸ್ವಲ್ಪ ಚಿಕ್ಕಮ್ಮನಲ್ಲಿ, ಸ್ವಲ್ಪ ಭಾವನಲ್ಲಿ.

"ಈಗ ನಂಬಿಕೆ ಬಂತು ನೋಡು" ಎಂದ ಉಗ್ಗಪ್ಪ. ಅವನನ್ನು ನೋಡಿ, ರಜೆ ಇಲ್ಲದ ದಿನ ಹುಡುಕಿಕೊಂಡು ಊರೇ ಮೆಟ್ಟಿಲು ಹತ್ತಿತು.

ಮಳೆಗಾಲ ಮುಗಿಯುವುದರೊಳಗೆ ಭಾವನು ಒಂದು ಬೆಳಿಗ್ಗೆ ಚಿಟ್ ಫಂಡಿನ ಶಟರ್ ಎಳೆದು ಕಾಣೆಯಾದನು. ಉಗ್ಗಪ್ಪ ನೇರ ಅದ್ರಾಮರ ಜಗಲಿಗೆ ಬಂದು, ಆದೇಶದ ಪ್ರಕಾರ ಕುರ್ಚಿಯಲ್ಲಿ ಕುಳಿತು ಬೈಯತೊಡಗಿದ. ಕಂಪನಿಯನ್ನು ಬೈದ, ಭಾವನನ್ನು ಬೈದ, ಹಿತ್ತಿಲ ಜೀಪನ್ನೂ ಬಿಡಲಿಲ್ಲ. ಅದ್ರಾಮ ಕಿವಿಗೆ ಕೈಯಾನಿಸಿ, "ಸ್ವಲ್ಪ ಗಟ್ಟಿ ಹೇಳು ಉಗ್ಗಪ್ಪ, ಕೋಳಿಗಳ ಗಲಾಟೆ" ಎಂದರು. ಮರಿಯುಮ್ಮ ಪತ್ತಿರಿ ರೊಟ್ಟಿಯನ್ನೂ ಕೋಳಿ ಸಾರನ್ನೂ ತಂದಿಟ್ಟಳು. ಉಗ್ಗಪ್ಪ ತಿನ್ನುತ್ತಾ ಬೈದ, ಬೈಯುತ್ತಾ ತಿಂದ, ಕೊನೆಗೆ ಬರೇ ತಿಂದ.

"ಉಳಿದ ಹಣಕ್ಕೆ ಎಂತ ಮಾಡುವುದು ಮಗಳೇ?" ಎಂದು ಕೈ ತೊಳೆದುಕೊಂಡು ಕೇಳಿದ.

"ಸೋಮವಾರ ಹೊಸ ಭಾವ ಬರುತ್ತಾರೆ ಉಗ್ಗಪ್ಪಣ್ಣ. ಅಜ್ಜ ಮಾತಾಡಿಯಾಗಿದೆ."

"ಹಾಗಾ. ನಾಳೆ ಬೈಯಲು ಬರಬಹುದಾ? ಇನ್ನೂ ಸ್ವಲ್ಪ ಬಾಕಿ ಉಂಟು."

ತಸ್ನೀಮ್ ಒಳಗೆ ಹೋಗಿ, ಬೈಗುಳ ಕೇಂದ್ರಕ್ಕೆಂದು ನೆಂಟರು ಕೊಟ್ಟಿದ್ದ ಎಲ್ಲ ಕ್ಯಾಲೆಂಡರ್ ನೋಡಿ ಬಂದಳು. "ನಾಳೆ ಚಿಕ್ಕಮ್ಮನ ಲೆಕ್ಕದಲ್ಲಿ ರಜೆ. ನಾಡಿದ್ದು ಬನ್ನಿ, ತುಪ್ಪ ಹಾಕಿ ನೆಯ್ಚೋರು ಅನ್ನ ಮಾಡುತ್ತೇವೆ."

"ಹಾಗಾದರೆ ನನ್ನ ಹೆಂಡತಿ ಅಕ್ಕುವನ್ನೂ ಕರೆದುಕೊಂಡು ಬರುತ್ತೇನೆ" ಎಂದ ಉಗ್ಗಪ್ಪ, ಚಪ್ಪಲಿ ಮೆಟ್ಟುತ್ತಾ. "ಪಾಪ, ಅವಳು ಇನ್ನೂ ಬೈಯಲೇ ಇಲ್ಲ."