ತಲೆಗೆ ಹಾಕುವ ಆಟ ಮತ್ತು ಮತ್ತೋಡಿನ ಬೀಗರು

ಹೆಂಡತಿಯ ತಮ್ಮ ಯಾವುದಾದರೂ ವ್ಯಾಪಾರ ಶುರು ಮಾಡಿದರೆ ಭಾವನಾದವನಿಗೆ ಅದರ ಬಗ್ಗೆ ಒಂದು ಅಭಿಪ್ರಾಯ ಹುಟ್ಟುತ್ತದೆ. ನೆಗಡಿಯ ಹಾಗೆ ಇದೂ ತಡೆಯಲು ಸಾಧ್ಯವಿಲ್ಲದ ಸಂಗತಿ. ಆದರೆ ನೆಗಡಿಯಾದವನು ಸೀನಿದರೆ ಯಾರೂ ಬೇಡವೆನ್ನುವುದಿಲ್ಲ. ಅಭಿಪ್ರಾಯ ಬಂದ ಭಾವ ಮಾತ್ರ ಅದನ್ನು ಒಳಗೇ ನುಂಗಿಕೊಂಡು, ಊಟ ಮುಗಿಸಿ, ಕೈ ತೊಳೆದು ಏಳಬೇಕು. ನಾನು ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು. ಚಿತ್ರದುರ್ಗದಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹೊತ್ತೂ ಜಗತ್ತಿನ ಸಕಲ ವಿಷಯಗಳ ಬಗ್ಗೆ ಅಭಿಪ್ರಾಯ ತಯಾರಿಸಿಕೊಳ್ಳುವುದು ನನ್ನ ಅಭ್ಯಾಸ. ಶಾಲೆಯಲ್ಲಿ ಅವನ್ನು ಕೇಳಲು ಮಕ್ಕಳಿದ್ದರು, ಪಾಪ, ಅವರಿಗೆ ಬೇರೆ ದಾರಿಯಿರಲಿಲ್ಲ. ಮನೆಯಲ್ಲಿ ಕೇಳಬೇಕಾದವಳು ನನ್ನ ಹೆಂಡತಿ ಗಿರಿಜೆಯೊಬ್ಬಳೇ. ಅವಳು ಕೇಳುತ್ತಿರಲಿಲ್ಲ.

ಗಿರಿಜೆಯ ತಮ್ಮ ಓಂಕಾರಿ ದುರ್ಗದ ಲಕ್ಷ್ಮೀ ಬಜಾರಿನ ಹಿಂದಿನ ಓಣಿಯಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ. ಕಾರು ಓಡಿಸುವ, ಗುದ್ದಾಡುವ ಆಟಗಳ ನಾಲ್ಕಾರು ಪೆಟ್ಟಿಗೆಗಳು. ಕಾಲೇಜು ತಪ್ಪಿಸಿಕೊಂಡ ಹುಡುಗರು ಬಂದು ಗುಂಡಿ ಒತ್ತುತ್ತಿದ್ದರು, ಹೇಗೋ ನಡೆಯುತ್ತಿತ್ತು. ಇಂಥವನು ಒಂದು ದಿನ ಬೆಂಗಳೂರಿಗೆ ಹೋಗಿ, ಬಾಗಿಲು ಮುಚ್ಚುತ್ತಿದ್ದ ಯಾವುದೋ ಆಟದ ಮಳಿಗೆಯಿಂದ ವರ್ಚುಯಲ್ ರಿಯಾಲಿಟಿ ಯಂತ್ರವೊಂದನ್ನು ಸೆಕೆಂಡ್ ಹ್ಯಾಂಡಿಗೆ ಕೊಂಡು ಲಾರಿಯಲ್ಲಿ ಹೇರಿಸಿಕೊಂಡು ಬಂದ. ಆಗ ಇನ್ನೂ ದುರ್ಗದಲ್ಲಿ ಕಂಪ್ಯೂಟರ್ ಅಂದರೆ ಜಾತಕ ಬರೆಯುವ ಯಂತ್ರ ಎಂದುಕೊಂಡವರೇ ಹೆಚ್ಚು. "ಬ್ಯಾರೆ ಲೋಕದಾಗೇ ಹೋಗಿ ನಿಂತಂಗೆ ಆಕ್ಕತೆ ಭಾವ! ಬೆಂಗಳೂರಾಗೆ ಜನ ಸಾಲು ಹಚ್ಚಿ ನಿಂತ್ಕಂತಿದ್ರಂತೆ," ಎಂದ. ಹಾಗಿದ್ದರೆ ಅವರು ಯಾಕಪ್ಪ ಮಾರಿದರು ಎಂದು ಕೇಳಲು ನಾನು ಬಾಯಿ ತೆರೆದೆ. ಗಿರಿಜೆ ಸಾರಿನ ಸೌಟನ್ನು ನನ್ನ ತಟ್ಟೆಯ ಮೇಲೆ ಹಿಡಿದು, ಬಗ್ಗಿಸದೆ, ನನ್ನ ಮುಖವನ್ನೇ ನೋಡಿದಳು. ನಾನು ಬಾಯಿ ಮುಚ್ಚಿಕೊಂಡೆ, ಸಾರು ಬಿತ್ತು.

ಯಂತ್ರ ಹೇಗಿತ್ತೆಂದು ಹೇಳಬೇಕು. ಒಂದು ದುಂಡನೆಯ ಕಟ್ಟೆ, ಸುತ್ತ ಸೊಂಟದೆತ್ತರದ ಕಂಬಿ, ಮೇಲಿನಿಂದ ಇಳಿಬಿದ್ದ ದಪ್ಪ ವೈರಿನ ತುದಿಗೆ ಕುಕ್ಕರಿನಷ್ಟು ಭಾರದ ಹೆಲ್ಮೆಟ್ಟು. ಅದರೊಳಗೆ ಕಣ್ಣಿಗೆರಡು ಪುಟ್ಟ ಪರದೆ, ಕಿವಿಗೆರಡು ಸ್ಪೀಕರು. ಹಾಕಿಕೊಂಡು ತಲೆ ತಿರುಗಿಸಿದರೆ ಒಳಗಿನ ಲೋಕವೂ, ತುಸು ಯೋಚನೆ ಮಾಡಿ, ತಿರುಗುತ್ತಿತ್ತು. ಆ ಲೋಕದಲ್ಲಿ ಇದ್ದದ್ದು ಒಂದು ಕೋಟೆ, ನಾಲ್ಕು ಬುರುಜು, ಅಂದರೆ ನಮ್ಮ ಕಡೆಯವರ ಬತ್ತೇರಿ, ಮತ್ತು ಮೇಲಿನಿಂದ ಎರಗುವ ಒಂದು ಹಸಿರು ಹದ್ದು. ಕೈಯಲ್ಲಿನ ಪಿಸ್ತೂಲಿನಿಂದ ಹದ್ದನ್ನು ಹೊಡೆಯಬೇಕು. ತಲೆ ಎತ್ತಿದರೆ ಕೋಟೆ ಕಾಣುವ ಊರಿನಲ್ಲಿ, ಹೆಲ್ಮೆಟ್ಟಿನೊಳಗೆ ಕೋಟೆ ತೋರಿಸಲು ಹೊರಟ ಏಕೈಕ ಮನುಷ್ಯ ನನ್ನ ಭಾಮೈದ. ಸಂತೆಗೆಂದು ತುರುವನೂರಿನಿಂದ ಬಂದಿದ್ದ ಹಿರಿಯರೊಬ್ಬರು ಹಾಕಿಕೊಂಡು ನೋಡಿ, "ಇದ್ರಾಗಿನ ಬತ್ತೇರಿಗಿಂತ ನಮ್ಮ ಬತ್ತೇರಿನೇ ಗಟ್ಟಿ ಐತೆ ಬಿಡಪ್ಪ, ಇದು ಅಲ್ಲಾಡ್ತೈತೆ," ಎಂದು ಇಳಿದು ಹೋದರು.

ಹೋಗುವಾಗ ಆ ಹಿರಿಯರು ತಮ್ಮ ಹಣೆಯ ವಿಭೂತಿಯನ್ನು ಹೆಲ್ಮೆಟ್ಟಿನ ಪಟ್ಟಿಯಲ್ಲೇ ಬಿಟ್ಟು ಹೋಗಿದ್ದರು. ಅವರ ನಂತರ ಆಡಿದ ಸೈಕಲ್ ಶಾಪಿನ ರಫೀಕ್ ಹೆಲ್ಮೆಟ್ಟು ತೆಗೆದಾಗ ಅವನ ಹಣೆಯ ಮೇಲೆ ಮೂರೆಳೆ ವಿಭೂತಿ ಸ್ಪಷ್ಟವಾಗಿ ಮೂಡಿತ್ತು. ಅವನು ಅದನ್ನು ಕಾಣದೆ ಸಂಜೆಯವರೆಗೂ ಪಂಕ್ಚರ್ ಹಾಕಿದ. ಹಿರಿಯರಿಗೆ ಬರಿ ಹಣೆಯಲ್ಲಿ ಬೀದಿಗಿಳಿಯಲು ಆಗುವುದಿಲ್ಲವೆಂದು ಓಂಕಾರಿ ಯಂತ್ರದ ಪಕ್ಕ ಒಂದು ಕನ್ನಡಿ, ಒಂದು ವಿಭೂತಿ ಗಟ್ಟಿ ಇಟ್ಟ. ಜನ ಮೊದಲಿನಿಂದಲೂ ಚಪ್ಪಲಿ ಕಳಚಿಯೇ ಕಟ್ಟೆ ಹತ್ತುತ್ತಿದ್ದರು. ಇನ್ನು ಕೇಳಬೇಕೆ? ದಾರಿ ತಪ್ಪಿ ಒಳಗೆ ಬಂದ ಅಜ್ಜಿಯೊಬ್ಬಳು ಯಂತ್ರಕ್ಕೆ ಕೈ ಮುಗಿದು ಸುತ್ತು ಬಂದು ಹೋದಳು. ಕರೆಂಟು ಹೋದಾಗಿನ ಕಥೆ ಇನ್ನೊಂದು. ಹೆಲ್ಮೆಟ್ಟು ಹಾಕಿಕೊಂಡವರು ಕತ್ತಲೆಯನ್ನೂ ಆಟವೆಂದೇ ತಿಳಿದು ಪಿಸ್ತೂಲು ಹಿಡಿದು ನಿಂತೇ ಇರುತ್ತಿದ್ದರು. "ಗವಿ ಬಂತು ಅಂದ್ಕಂಡಿದ್ದೆ," ಎಂದು ಒಬ್ಬ ಸಂಕೋಚದಿಂದ ಹೇಳಿದ.

ಆದರೆ ಈ ಆಟ ನಡೆಯುವುದಿಲ್ಲ ಎಂದು ನಾನು ತೀರ್ಮಾನಿಸಿದ್ದಕ್ಕೆ ಕಾರಣ ಬೇರೆಯಿತ್ತು. ಹಾಕಿಕೊಂಡವನಿಗೆ ಹದ್ದು ಕಾಣುತ್ತಿತ್ತು, ಹೊರಗೆ ನಿಂತವರಿಗೆ ಅವನು ಕಾಣುತ್ತಿದ್ದ. ಇಲ್ಲದ ಹದ್ದಿಗೆ ಹೆದರಿ ಬಗ್ಗುವ, ಕಂಬಿ ತಬ್ಬಿಕೊಳ್ಳುವ, ಗಾಳಿಯನ್ನು ಗುದ್ದುವ ಮನುಷ್ಯನನ್ನು ನೋಡುವುದೇ ಹೆಚ್ಚು ಮಜಾ, ಅದೂ ಪುಕ್ಕಟೆ. ಹೀಗಾಗಿ ಬಾಗಿಲ ತುಂಬ ಜನ, ಕಟ್ಟೆಯ ಮೇಲೆ ಯಾರೂ ಇಲ್ಲ. ನಮ್ಮ ಜನಕ್ಕೆ ಒಬ್ಬರೇ ನೋಡುವ ಸುಖ ಒಗ್ಗುವುದಿಲ್ಲ. ಪಕ್ಕದವನ ತೊಡೆ ತಟ್ಟಿ "ನೋಡಿದ್ಯೇನಲೇ?" ಎನ್ನದೆ ನಮಗೆ ಯಾವ ಸಂತೋಷವೂ ಪೂರ್ತಿಯಾಗುವುದಿಲ್ಲ. ಇಷ್ಟು ಒಳ್ಳೆಯ ಅಭಿಪ್ರಾಯವನ್ನು ಇಟ್ಟುಕೊಂಡು ತಿಂಗಳುಗಟ್ಟಲೆ ಸುಮ್ಮನಿರುವುದು ಎಂಥ ಹಿಂಸೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಅಷ್ಟರಲ್ಲಿ ಓಂಕಾರಿಗೆ ಮತ್ತೋಡಿನಿಂದ ಒಂದು ಸಂಬಂಧ ಬಂತು. ಆಟದ ಅಂಗಡಿಯವನು ಎಂಬ ಒಂದೇ ಕಾರಣಕ್ಕೆ ಅವನಿಗೆ ಬಂದ ಸಂಬಂಧಗಳೆಲ್ಲ ಬಾಗಿಲಿನಿಂದಲೇ ವಾಪಸು ಹೋಗುತ್ತಿದ್ದವು, ಅವನ ಕೂದಲೂ ಹಣೆಯಿಂದ ಹಿಂದೆ ಸರಿಯಲು ಶುರುವಾಗಿತ್ತು. ಈ ಹುಡುಗಿ ನಿರ್ಮಲ ಅವನನ್ನು ಒಪ್ಪಿದ್ದಳು, ಇವನಂತೂ ಅವಳ ಫೋಟೋವನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟುಕೊಂಡು ಗಿರಾಕಿಗೆ ಚಿಲ್ಲರೆ ಕೊಡುವುದನ್ನೇ ಮರೆಯುತ್ತಿದ್ದ. ಹುಡುಗಿಯ ತಂದೆ ರುದ್ರಪ್ಪನವರು ತೆಂಗು ರಾಗಿ ಬೆಳೆಯುವ ಗಟ್ಟಿ ಆಸಾಮಿ. ಹುಡುಗನ ಕಸುಬನ್ನು ಕಣ್ಣಾರೆ ನೋಡಿಯೇ ಮಾತು ಕೊಡುವುದು ಎಂದು ಹೇಳಿ ಕಳಿಸಿದರು. ಗಿರಿಜೆ ನನ್ನೆದುರು ಬಂದು ಕುಳಿತಳು. "ನೀವು ಸೈನ್ಸ್ ಮೇಷ್ಟ್ರು ಅಂದ್ರೆ ಅವ್ರಿಗೆ ಗೌರವ ಐತೆ. ಆ ಯಂತ್ರದ ಬಗ್ಗೆ ಒಂದೆರಡು ಒಳ್ಳೆ ಮಾತು ಹೇಳ್ರಿ. ಇದೂ ತಪ್ಪಿ ಹೋದ್ರೆ ಅವ್ನು ಇನ್ನು ಮದ್ವೆನೇ ಬ್ಯಾಡ ಅಂತಾನೆ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಒಪ್ಪಿಕೊಂಡೆ.

ಭಾನುವಾರ ರುದ್ರಪ್ಪನವರು ಹೆಂಡತಿ ಶಾರದಮ್ಮನವರೊಂದಿಗೆ ಬಂದರು. "ಬರ್ರಿ, ಕುಂತ್ಕಳ್ರಿ," ಎಂದು ಓಂಕಾರಿ ಇದ್ದ ಎರಡು ಸ್ಟೂಲು ಒರೆಸಿಕೊಟ್ಟ. ನಾನು ಬೆಳಕು, ಮಸೂರ, ಎರಡು ಕಣ್ಣಿಗೆ ಎರಡು ಚಿತ್ರ, ಮಿದುಳು ಅವೆರಡನ್ನೂ ಕೂಡಿಸಿಕೊಳ್ಳುವ ಬಗೆ ಎಲ್ಲವನ್ನೂ ವಿವರಿಸಿದೆ. ಮುಂದಿನ ಕಾಲವೆಲ್ಲ ಇದರದೇ ಎಂದೂ ಸೇರಿಸಿದೆ. ರುದ್ರಪ್ಪನವರು ರುಮಾಲು ಸರಿ ಮಾಡಿಕೊಂಡು, "ಅದೆಲ್ಲ ಇರ್ಲಿ ಮೇಷ್ಟ್ರೇ, ವ್ಯಾಪಾರ ನಡೀತೈತಾ?" ಎಂದರು. "ನಡೆಯದೆ ಏನು!" ಎಂದೆ. "ಹಂಗಾದ್ರೆ ನೀವೊಂದ್ಸಲ ಆಡಿ ತೋರ್ಸ್ರಿ ನೋಡಾಣ."

ಅಲ್ಲಿಯವರೆಗೆ ಏನೇನೋ ನೆಪ ಹೇಳಿ ಆ ಹೆಲ್ಮೆಟ್ಟಿಗೆ ತಲೆ ಕೊಡದೆ ತಪ್ಪಿಸಿಕೊಂಡಿದ್ದೆ. ಈಗ ವಿಧಿಯಿಲ್ಲದೆ ಕಟ್ಟೆ ಹತ್ತಿದೆ. ಅದೇ ಹೊತ್ತಿಗೆ ಗಿರಿಜೆ, "ಬರ್ರಿ, ಆ ಕಡೆ ಕಾರಿನ ಆಟ ಐತೆ, ತೋರಿಸ್ತೀನಿ," ಎಂದು ಬೀಗರನ್ನು ಕರೆದದ್ದು ಕಿವಿಗೆ ಬಿತ್ತು. ಓಂಕಾರಿ ಹೆಲ್ಮೆಟ್ಟು ಇಳಿಸಿದ. ಕಿವಿಯಲ್ಲಿ ಗಾಳಿ, ಗುಡುಗು, ಹದ್ದಿನ ಕಿರುಚಾಟ. ಸೊಂಟದ ಸುತ್ತ ಏನೋ ಬಿಗಿಯಾಯಿತು, ಯಂತ್ರದ ಪಟ್ಟಿಯಿರಬೇಕೆಂದುಕೊಂಡೆ. ಕಣ್ಣಿಗೆ ಯಾರೂ ಕಾಣದಿದ್ದರೆ ಯಾರೂ ಇಲ್ಲವೆಂದೇ ಮನಸ್ಸು ನಂಬಿಬಿಡುತ್ತದೆ. ಆ ಯಂತ್ರದ ನಿಜವಾದ ಪವಾಡ ಅದೇ. ನನ್ನ ಪಿಸುಮಾತಿನಲ್ಲಿ, ಅಂದರೆ ನಾನು ಪಿಸುಮಾತು ಎಂದುಕೊಂಡಿದ್ದ ದನಿಯಲ್ಲಿ, ಹೇಳಿದೆ:

"ಲೇ ಓಂಕಾರಿ, ಮುದುಕ ಆ ಕಡೆ ಹೋದನೇನೋ? ಎಂಥಾ ಸುಳ್ಳು ಹೇಳಿಸ್ತೀಯೋ ಮಾರಾಯ ನನ್ನ ಬಾಯಲ್ಲಿ! ಈ ಡಬ್ಬಿ ಮುಂದಿನ ಯುಗಾದಿ ಕಾಣಲ್ಲ. ಇದರ ಬದಲು ಒಂದು ಎಮ್ಮೆ ಕಟ್ಟಿದ್ರೆ ಹಾಲಾದ್ರೂ ಕೊಡ್ತಿತ್ತು. ನಿಮ್ಮಕ್ಕನ ಮುಖ ನೋಡಿ ಸುಮ್ಮನಿದೀನಿ, ಇಲ್ಲದಿದ್ರೆ ನಿನ್ನಂಥ ದಡ್ಡನ್ನ ನಾನು ನನ್ನ ಕ್ಲಾಸಿನಲ್ಲೂ ನೋಡಿಲ್ಲ. ಆ ಮುದುಕನಿಗೂ ಏನು ತಿಳಿಯುತ್ತೆ, ತೆಂಗಿನಕಾಯಿ ಎಣಿಸೋದು ಬಿಟ್ರೆ!"

ತಿಂಗಳುಗಳಿಂದ ಕಟ್ಟಿಕೊಂಡಿದ್ದು ಬಿಡುಗಡೆಯಾಗಿ ಮೈ ಹಗುರವಾಯಿತು. ಹದ್ದು ಬಂದು ನನ್ನನ್ನು ಎತ್ತಿಕೊಂಡು ಹೋಯಿತು, ಆಟ ಮುಗಿಯಿತು. ಓಂಕಾರಿ ಹೆಲ್ಮೆಟ್ಟು ಎತ್ತಿದ. ರುದ್ರಪ್ಪನವರು ಎಲ್ಲಿಗೂ ಹೋಗಿರಲಿಲ್ಲ, ಕಂಬಿಗೆ ಆತುಕೊಂಡು ನನ್ನ ಮೂಗಿನ ಬುಡದಲ್ಲೇ ನಿಂತಿದ್ದರು. ಬಾಗಿಲಲ್ಲಿದ್ದ ಜನ ಬಾಯಿಗೆ ಟವೆಲ್ ಒತ್ತಿಕೊಂಡು ನಗುತ್ತಿದ್ದರು. ಗಿರಿಜೆಯ ಮುಖ ನೋಡಿದೆ. ಹದ್ದೇ ವಾಸಿ ಅನ್ನಿಸಿತು.

"ಕೊಡಪ್ಪ ಇಲ್ಲಿ, ನಾನೂ ನೋಡ್ತೀನಿ," ಎಂದು ರುದ್ರಪ್ಪನವರು ರುಮಾಲು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು, ಚಪ್ಪಲಿ ಬಿಟ್ಟು ಕಟ್ಟೆ ಹತ್ತಿದರು. ಓಂಕಾರಿ ಬಿಳುಚಿಕೊಂಡ ಮುಖದಲ್ಲೇ ಹೆಲ್ಮೆಟ್ಟು ತೊಡಿಸಿ, ಹಿಂದೆ ನಿಂತು ಅವರ ಸೊಂಟವನ್ನು ಎರಡೂ ಕೈಯಿಂದ ಹಿಡಿದುಕೊಂಡ. ನನ್ನ ಸೊಂಟ ಬಿಗಿದಿದ್ದ ಪಟ್ಟಿ ಯಾವುದೆಂದು ಆಗ ನನಗೆ ತಿಳಿಯಿತು. ಯಜಮಾನರು ಸ್ವಲ್ಪ ಹೊತ್ತು ಕತ್ತು ಆ ಕಡೆ ಈ ಕಡೆ ತಿರುಗಿಸಿದರು. ಆಮೇಲೆ ಆಚೆ ಹೊಲದಲ್ಲಿರುವವರನ್ನು ಕರೆಯುವಷ್ಟು ಗಟ್ಟಿಯಾಗಿ ಶುರು ಮಾಡಿದರು:

"ಲೇ ಇವಳೇ! ಹತ್ರ ಬಾ, ಯಾರ್ಗೂ ಕೇಳಿಸ್ಬಾರ್ದು! ಮೇಷ್ಟ್ರು ಹೇಳಿದ್ದು ದಿಟ ಕಣೇ, ಇದು ನಡಿಯಲ್ಲ. ಬರೀ ಗೋಡೆ ಅವೆ, ಒಂದು ಕೋಳಿ ಹಾರ್ತೈತೆ. ಆದ್ರೆ ಹುಡ್ಗ ಬಂಗಾರ! ಅಷ್ಟು ಜನದ ಮುಂದೆ ಆ ಮೇಷ್ಟ್ರು ಬಾಯಿಗೆ ಬಂದಂಗೆ ಬೈತಿದ್ರೂ, ಎಲ್ಲಿ ಬಿದ್ದುಬಿಡ್ತಾರೋ ಅಂತ ಸೊಂಟ ಹಿಡ್ಕಂಡೇ ನಿಂತಿದ್ದ, ಕೈ ಬಿಡ್ಲಿಲ್ಲ. ಇಂಥಾ ಭಾವನ್ನ ಇಷ್ಟು ವರ್ಷ ತಡ್ಕಂಡೋನು ನಮ್ಮ ನಿರ್ಮಲನ ಬಾಯಿ ತಡ್ಕಳಲ್ವಾ? ಕೊಟ್ಟುಬಿಡಾಣ!"

ಹೆಲ್ಮೆಟ್ಟು ತೆಗೆದಾಗ ಅವರ ಮುಖ ಗಂಭೀರವಾಗಿತ್ತು. ಕನ್ನಡಿ ನೋಡಿಕೊಂಡು ಹೊಸದಾಗಿ ವಿಭೂತಿ ಹಚ್ಚಿಕೊಂಡು, "ಊರಿಗೋಗಿ ಯೋಚ್ನೆ ಮಾಡಿ ತಿಳಿಸ್ತೀವಿ," ಎಂದರು. "ನಿಧಾನವಾಗಿ ಯೋಚನೆ ಮಾಡ್ರಿ, ಅವಸರವೇನಿಲ್ಲ," ಎಂದು ನಾವೆಲ್ಲ ಅಷ್ಟೇ ಗಂಭೀರವಾಗಿ ತಲೆ ಆಡಿಸಿದೆವು. ಆ ಹೊತ್ತಿಗೆ ಶಾರದಮ್ಮನೂ ಗಿರಿಜೆಯೂ ಕಾರಿನ ಆಟದ ಪೆಟ್ಟಿಗೆಯ ಹಿಂದೆ ನಿಂತು ಧಾರೆ ಸೀರೆಯ ಬಣ್ಣದ ಬಗ್ಗೆ ಚರ್ಚೆ ಮಾಡುತ್ತಿದ್ದರು. ಓಂಕಾರಿ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದ. ಅವನನ್ನು ನೋಡಿ ನನಗೆ ನಿಜವಾಗಿ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಮದುವೆ ಚೆನ್ನಾಗಿ ಆಯಿತು. ಯಂತ್ರ ಯುಗಾದಿಗೆ ಮುಂಚೆಯೇ ನಿಂತುಹೋಯಿತು, ಅದರ ಜಾಗದಲ್ಲಿ ಸೈಬರ್ ಕೆಫೆ ಬಂತು. ಮೇಷ್ಟ್ರು ಅವತ್ತೇ ಹೇಳಿದ್ದರು ಎಂದು ಒಬ್ಬರಾದರೂ ಹೇಳುತ್ತಾರೇನೋ ಎಂದು ಕಾದೆ, ಹೇಳಲಿಲ್ಲ. ಆದರೆ ಮತ್ತೋಡಿನವರು ನನ್ನನ್ನು ಮರೆತಿಲ್ಲ. ಆಮೇಲೆ ರುದ್ರಪ್ಪನವರ ಕಿರಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗ ನನಗೆ ವಿಶೇಷವಾಗಿ ಹೇಳಿ ಕಳಿಸಿದ್ದರು. ಗೌರವವೆಂದುಕೊಂಡು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಹೋದೆ. ಹುಡುಗನನ್ನು ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕೂರಿಸಿದರು. ನಾನೇನು ಮಾಡಬೇಕೆಂದು ಗಿರಿಜೆಯನ್ನು ಮೆಲ್ಲಗೆ ಕೇಳಿದೆ. ಏನೂ ಮಾಡಬೇಕಾಗಿಲ್ಲವಂತೆ, ಊಟದ ಹೊತ್ತಿನವರೆಗೆ ಹುಡುಗನ ಜೊತೆ ಮಾತಾಡಿಕೊಂಡಿದ್ದರೆ ಸಾಕಂತೆ.